ಹಳೆಯ ರಾಯಚೂರು ಸ್ಥಾವರವನ್ನು ಇನ್ನೂ ಏಕೆ ಮುಚ್ಚಿಲ್ಲ?

ಪ್ರಶ್ನೆ: ಪಾವಗಡದಲ್ಲಿ ಅಷ್ಟು ದೊಡ್ಡ ಸೌರ ಪಾರ್ಕ್ ಇರುವಾಗ ರಾಯಚೂರು ಬಳಿಯ ಶಕ್ತಿನಗರದ ಹಳೆಯ ಕಲ್ಲಿದ್ದಲು ಸ್ಥಾವರ ಯಾಕೆ ಬೇಕು?

ಉತ್ತರ: ಸೂರ್ಯ ಮುಳುಗಿದ ಮೇಲೆ ಪಾವಗಡದ 2,050 ಮೆಗಾವ್ಯಾಟ್ ಸೊನ್ನೆಗೆ ಇಳಿಯುತ್ತದೆ. ನಾವೆಲ್ಲ ದೀಪ, ಫ್ಯಾನು, ಟಿವಿ ಹಾಕುವುದೇ ಆಗ. ಆ ಕೊರತೆ ತುಂಬುವ ಸ್ಥಾವರಗಳಲ್ಲಿ ರಾಯಚೂರೂ ಒಂದು.

ರಾಜ್ಯದ ಈ ಮೊದಲ ಕಲ್ಲಿದ್ದಲು ಸ್ಥಾವರದ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಅದಕ್ಕೂ ಮುಂಚೆ ಮಳೆ ಕೈಕೊಟ್ಟರೆ ಶರಾವತಿಯ ಜಲವಿದ್ಯುತ್ತೂ ಕೈಕೊಡುತ್ತಿತ್ತು, ಕರೆಂಟೂ ಹೋಗುತ್ತಿತ್ತು. ಈಗ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ನೀರು ಪಕ್ಕದ ಕೃಷ್ಣೆಯದು. ಕಲ್ಲಿದ್ದಲು ಮಾತ್ರ ಹೊರರಾಜ್ಯಗಳ ಗಣಿಗಳಿಂದ ರೈಲಿನಲ್ಲಿ ಬರಬೇಕು. 210 ಮೆಗಾವ್ಯಾಟ್‌ನ ಒಂದೇ ಘಟಕ ಪೂರ್ತಿ ಓಡಿದರೆ ದಿನಕ್ಕೆ 3,000 ಟನ್‌ಗೂ ಹೆಚ್ಚು ನುಂಗುತ್ತದೆ. ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ. ಸಿಮೆಂಟಿಗೆ, ಇಟ್ಟಿಗೆಗೆ ಹೋದದ್ದು ಹೋಗಿ, ಮಿಕ್ಕದ್ದು ಹೊಂಡಕ್ಕೆ. ಬೇಸಿಗೆಯ ಗಾಳಿಗೆ ಅದು ಎದ್ದರೆ ಏನಾಗುತ್ತದೆಂದು ಸುತ್ತಲಿನವರನ್ನೇ ಕೇಳಬೇಕು.

ಇನ್ನೊಂದು ತಾಪತ್ರಯವಿದೆ. ಇಂಥ ಘಟಕಗಳನ್ನು ಕಟ್ಟಿದ್ದು ಹಗಲೂ ರಾತ್ರಿ ಒಂದೇ ಸಮ ಓಡಲೆಂದು. ಈಗ ಹಗಲು ಸೌರ ವಿದ್ಯುತ್ ಬರುವಾಗ ಬೆಂಕಿ ತಗ್ಗಿಸಿ, ಸಂಜೆ ಏರಿಸಬೇಕು. ಬಾಯ್ಲರಿನ ಕೊಳವೆಗಳು ಕಾದು, ತಣಿದು ದಣಿಯುತ್ತವೆ, ಸೋರುತ್ತವೆ. ತಣ್ಣಗಾದ ಘಟಕವನ್ನು ಮತ್ತೆ ಎಬ್ಬಿಸಲು ಹಲವು ತಾಸು ಬೇಕು, ಎಣ್ಣೆಯೂ ಬೇಕು.

ಹಗಲಿನ ಸೌರಶಕ್ತಿಯನ್ನು ಸಂಜೆಗೆ ಕೂಡಿಡುವ ಬ್ಯಾಟರಿ ಸಾಕಷ್ಟು ಬರುವವರೆಗೆ ಈ ಸ್ಥಾವರ ಬೇಕು. ಬಂದಮೇಲೆ ಮೊದಲು ಮುಚ್ಚಬೇಕಾದದ್ದು 1985ರ ಆ ಘಟಕವನ್ನೇ.