ನಾಡಿನ ಹೆಸರಿನ ಜೊತೆಗಿರುವ ಸಂಖ್ಯೆ: ಅದು ಹಳ್ಳಿಗಳ ಲೆಕ್ಕವೇ?

ಹೋದ ವರ್ಷ ಒಂದು ಹಳ್ಳಿ ಶಾಲೆಯಲ್ಲಿ ಶಾಸನಗಳ ಬಗ್ಗೆ ಮಾತಾಡುತ್ತಾ, "ಬನವಾಸಿ 12000 ಅಂದ್ರೆ ಹನ್ನೆರಡು ಸಾವಿರ ಹಳ್ಳಿಗಳ ನಾಡು" ಅಂತ ಹೇಳಿಬಿಟ್ಟೆ. ಹಿಂದೆ ಕೂತಿದ್ದ ಹಿರಿಯರೊಬ್ಬರು, "ಅಷ್ಟು ಹಳ್ಳಿ ಎಲ್ಲಿದ್ವು ಸಾರ್?" ಅಂದ್ರು. ನನ್ನ ಬಳಿ ಉತ್ತರವಿರಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ.

2011ರ ಜನಗಣತಿಯಂತೆ ಇಡೀ ಕರ್ನಾಟಕದಲ್ಲಿರೋದು ಸುಮಾರು 29,000 ಹಳ್ಳಿಗಳು. ಶಾಸನಗಳಲ್ಲೋ ಗಂಗವಾಡಿ 96000, ನೊಳಂಬವಾಡಿ 32000, ಬನವಾಸಿ 12000. ಮೂರನ್ನು ಕೂಡಿದ್ರೆ 1,40,000! ಸಾವಿರ ವರ್ಷದ ಹಿಂದೆ ಇಷ್ಟು ಹಳ್ಳಿಗಳಿದ್ದವು ಅಂತ ನಂಬೋಕೆ ಆಗಲ್ಲ. ಇನ್ನೊಂದು ವಿಷಯ: ಹಳ್ಳಿಗಳು ಹುಟ್ಟುತ್ತವೆ, ಹಾಳು ಬೀಳುತ್ತವೆ. ಆದರೆ ರಾಷ್ಟ್ರಕೂಟರು ಹೋಗಿ ಕಲ್ಯಾಣದ ಚಾಲುಕ್ಯರು ಬಂದರೂ ಬನವಾಸಿ "ಪನ್ನಿರ್ಚ್ಛಾಸಿರ"ವಾಗಿಯೇ ಉಳಿಯಿತು.

ಹಾಗಂತ ಸಂಖ್ಯೆಗೆ ಅರ್ಥವೇ ಇಲ್ಲ ಅನ್ನೋ ಹಾಗಿಲ್ಲ. ಗದಗ, ಅಣ್ಣಿಗೇರಿ ಕಡೆಯ ಬೆಳ್ವೊಲ 300, ಲಕ್ಷ್ಮೇಶ್ವರದ ಸುತ್ತಿನ ಪುಲಿಗೆರೆ 300 ಇವೆರಡನ್ನೂ ಒಟ್ಟಿಗೆ ಹೇಳುವಾಗ ಶಾಸನಗಳು ಆರುನೂರು ಅಂತ ಕೂಡಿಸಿಯೇ ಹೇಳುತ್ತವೆ. ಬರೆಸಿದವರಿಗೆ ಅದು ಕೂಡಬಹುದಾದ ಲೆಕ್ಕವೇ ಆಗಿತ್ತು.

ಸಣ್ಣ ವಿಭಾಗಗಳಿಗೆ ಬಂದರೆ ಚಿತ್ರ ಬದಲಾಗುತ್ತದೆ. ಬನವಾಸಿ 12000ರ ಒಳಗೇ ನಾಗರಖಂಡ 70, ಜಿಡ್ಡುಳಿಗೆ 70 ಇದ್ದವು. ಹತ್ತನೇ ಶತಮಾನದ ಆರಂಭದಲ್ಲಿ ಗಂಡ ತೀರಿಕೊಂಡ ಮೇಲೆ ಜಕ್ಕಿಯಬ್ಬೆ ನಾಳ್ಗಾವುಂಡಿಯಾಗಿ ಆಳಿದ್ದು ಈ ನಾಗರಖಂಡ 70ನ್ನೇ. ಎಪ್ಪತ್ತು ಊರುಗಳ ನಾಡು ಅಂದರೆ ಒಪ್ಪಬಹುದಾದ ಗಾತ್ರ. ದೊಡ್ಡ ಸಂಖ್ಯೆಗಳಿಗೆ ಕಂದಾಯದ ಆದಾಯ, ಒದಗಿಸಬೇಕಾದ ಸೈನ್ಯ ಅಂತೆಲ್ಲ ವಿದ್ವಾಂಸರು ವಿವರಣೆ ಕೊಟ್ಟಿದ್ದಾರೆ. ಯಾವುದೂ ಎಲ್ಲ ನಾಡುಗಳಿಗೂ ಹೊಂದಲ್ಲ.

ನನಗೆ ತೋಚುವುದು ಇಷ್ಟು: 70, 30, 12ರಂಥ ಸಣ್ಣ ಸಂಖ್ಯೆಗಳನ್ನು ಊರುಗಳ ಎಣಿಕೆ ಅಂತ ಇಟ್ಟುಕೊಂಡು ಪರೀಕ್ಷಿಸಬಹುದು. ಆ ಭಾಗದ ಶಾಸನಗಳಲ್ಲಿ ಬರುವ ಊರುಗಳನ್ನು ನಕ್ಷೆಯಲ್ಲಿ ಗುರುತಿಸುತ್ತಾ ಹೋದರೆ ಆಯ್ತು. ಸಾವಿರ ದಾಟಿದ ಸಂಖ್ಯೆಗಳನ್ನು ಮಾತ್ರ ಹೆಸರಿನ ಭಾಗ ಅಂತಲೇ ಓದಬೇಕು. ಅದರಿಂದ ಜನಸಂಖ್ಯೆಯನ್ನೋ ವಿಸ್ತೀರ್ಣವನ್ನೋ ಲೆಕ್ಕ ಹಾಕೋಕೆ ಹೋಗಬಾರದು.

ಆ ಹಿರಿಯರಿಗೆ ಫೋನ್ ಮಾಡಿ ನಾನು ಹೇಳಿದ್ದು ತಪ್ಪು ಅಂತ ಒಪ್ಪಿಕೊಂಡೆ. "ಮಕ್ಕಳಿಗೂ ಬಂದು ಹೇಳಿ" ಅಂದ್ರು. ಹೋಗಬೇಕು.