ಬೆಳೆದವರು ಹೋದ ಮೇಲೆ ಗಿಡದ ಪಾಡು

ಹಸಿರು ಕಾಂಡದ ತುದಿಗೆ ಕೆಂಪು ಇಲ್ಲವೇ ಹಳದಿ ಉಂಡೆ ಕೂರಿಸಿದಂತೆ ಕಾಣುವ ಪುಟ್ಟ ಕ್ಯಾಕ್ಟಸ್ ಈಗ ಕಲಬುರಗಿಯಂಥ ಬಿಸಿಲೂರಿನ ನರ್ಸರಿಗಳಲ್ಲೂ ಮಾರಾಟಕ್ಕೆ ಬರುತ್ತದೆ. ಬಣ್ಣ ಬಳಿದಿರಬೇಕು ಎಂದು ಉಗುರಿನಿಂದ ಕೆರೆದು ನೋಡುವವರೂ ಉಂಟು. ಅದು ಬಳಿದ ಬಣ್ಣವಲ್ಲ. ಆ ಉಂಡೆಯಲ್ಲಿ ಪತ್ರಹರಿತ್ತು ಇಲ್ಲ, ಹಾಗಾಗಿ ಒಳಗಿನ ಬಣ್ಣ ಹೊರಗೆ ಕಾಣುತ್ತದೆ. ತನ್ನ ಅನ್ನವನ್ನು ತಾನೇ ಬೇಯಿಸಿಕೊಳ್ಳಲಾರದ ಇಂಥ ಸಸಿ ಕಾಡಿನಲ್ಲಿ ಹುಟ್ಟಿದ್ದರೆ ಕೆಲವೇ ದಿನಗಳಲ್ಲಿ ಒಣಗಿಹೋಗುತ್ತಿತ್ತು. 1940ರ ದಶಕದ ಆರಂಭದಲ್ಲಿ ಜಪಾನಿನ ಐಜಿ ವಾತಾನಾಬೆ ಎಂಬ ಬೆಳೆಗಾರ ತನ್ನ ಮಡಿಯಲ್ಲಿ ಮೊಳೆತ ಸಾವಿರಾರು ಸಸಿಗಳ ನಡುವೆ ಇಂಥ ಒಂದೆರಡು ಕೆಂಪು ಸಸಿಗಳನ್ನು ಗುರುತಿಸಿ, ಬೇರೊಂದು ಹಸಿರು ಕ್ಯಾಕ್ಟಸಿನ ಮೇಲೆ ಕಸಿ ಮಾಡಿ ಉಳಿಸಿದ. ಕೆಳಗಿನ ಆ ಹಸಿರು ಕಾಂಡ ಈಗ ಸಾಮಾನ್ಯವಾಗಿ ಡ್ರ್ಯಾಗನ್ ಫ್ರೂಟಿನ ಬಳಗದ್ದು. ಉಂಡೆಯ ಸುತ್ತ ಏಳುವ ಮರಿಗಳನ್ನು ಕಿತ್ತು ಮತ್ತೆ ಮತ್ತೆ ಕಸಿ ಮಾಡಿದರಷ್ಟೇ ಈ ಗಿಡ ಇರುತ್ತದೆ. ಜಗತ್ತಿನ ಕಸಿಗಾರರೆಲ್ಲ ಕೆಲವು ವರ್ಷ ಕೈಕಟ್ಟಿ ಕೂತರೆ ಅದು ಇಲ್ಲವಾಗುತ್ತದೆ. ಕುಂಡದ ಮೇಲೆ ಬೆಲೆಯ ಚೀಟಿ ಇರುತ್ತದೆ, ವಾತಾನಾಬೆಯ ಹೆಸರು ಇರುವುದಿಲ್ಲ.

ತೀರಿಕೊಂಡ ಬೆಳೆಗಾರರನ್ನು ನೆನೆಯುವುದೆಂದರೆ ಫೋಟೊಗೆ ಹಾರ, ಒಂದು ಸಂಸ್ಮರಣ ಸಂಚಿಕೆ, ಹೆಚ್ಚೆಂದರೆ ಉದ್ಯಾನಕ್ಕೊಂದು ಹೆಸರು ಎಂದು ನಾವು ತಿಳಿದಿದ್ದೇವೆ. ಗಿಡ ಸಾಕಿದವರ ಮಟ್ಟಿಗೆ ಇದು ಸಾಲದು ಎನ್ನುವುದು ನನ್ನ ವಾದ. ಅವರ ಗಿಡ ಹಲವು ಕೈಗಳಿಗೆ ದಾಟಿರಬೇಕು, ದಾಟುವಾಗ ಅದರ ವಿವರವೂ ಜೊತೆಗೆ ಹೋಗಿರಬೇಕು. ಮೊದಲನೆಯದು ಆಗಿ ಎರಡನೆಯದು ಆಗದಿದ್ದರೆ ಏನಾಗುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದು ಸುಮಾರು 35 ಕಿಲೋಮೀಟರ್ ಸಾಗಿದರೆ ಕಮಲಾಪುರ. ಅಲ್ಲಿಯ ಕೆಂಪು ಬಾಳೆಗೂ ಕ್ಯಾಕ್ಟಸಿಗೂ ನೆಂಟಸ್ತಿಕೆಯೇನಿಲ್ಲ, ಆದರೆ ಅವಸ್ಥೆ ಒಂದೇ. ಬಾಳೆಗೆ ಬಿತ್ತಲು ಬೀಜವಿಲ್ಲ. ಇಂದು ನಿಂತಿರುವ ಪ್ರತಿ ಗಿಡವೂ ಹಿಂದೊಬ್ಬ ರೈತ ಬುಡದಿಂದ ಅಗೆದು ನೆಟ್ಟ, ಇಲ್ಲವೇ ಪಕ್ಕದವನಿಗೆ ಕೊಟ್ಟ ಕಂದಿನ ಮುಂದುವರಿಕೆ. ಬೇರೆ ಬಾಳೆಗಳು ವರ್ಷದೊಳಗೆ ಗೊನೆ ಕೊಟ್ಟರೆ ಇದು ಸುಮಾರು 18 ತಿಂಗಳು ಕಾಯಿಸುತ್ತದೆ. ಅಷ್ಟು ಕಾಯುವುದಕ್ಕೆ ನೀರು ಬೇಕು, ಗೊಬ್ಬರ ಬೇಕು, ಗಾಳಿಗೆ ಗಿಡ ಮುರಿಯದಂತೆ ಕಾವಲೂ ಬೇಕು. ಲಾಭದ ಲೆಕ್ಕವೊಂದನ್ನೇ ನೋಡಿದವರು ಎಂದೋ ಇದನ್ನು ಕಿತ್ತು ಬೇರೆ ಬೆಳೆಗೆ ಹೋಗುತ್ತಿದ್ದರು, ಹಾಗೆ ಹೋದವರೂ ಇದ್ದಾರೆ. ಬಿಡದೆ ಇಟ್ಟುಕೊಂಡವರಿಂದ ತಳಿ ಉಳಿಯಿತು. ಭೌಗೋಳಿಕ ಸೂಚ್ಯಂಕದ ಮಾನ್ಯತೆಯೂ ಬಂತು. ಆ ಮಾನ್ಯತೆ ಸಲ್ಲುವುದು ಊರಿಗೆ. ಯಾವ ಮನೆತನ ಬರಗಾಲದಲ್ಲೂ ಬುಡ ಸಾಯಗೊಡಲಿಲ್ಲ, ಯಾರ ತೋಟದಿಂದ ಯಾರ ತೋಟಕ್ಕೆ ಕಂದು ಹೋಯಿತು ಎನ್ನುವುದು ಅದರ ವ್ಯಾಪ್ತಿಗೆ ಬರುವ ಸಂಗತಿಯಲ್ಲ.

ಎಲ್ಲವೂ ಒಬ್ಬನ ಕೈಯಲ್ಲೇ ಉಳಿದರೆ ಆಗುವ ಅನಾಹುತಕ್ಕೆ ಪ್ರಾಗ್ ನಗರದ ಆಲ್ಬರ್ಟೊ ವೊಯ್ಟೆಕ್ ಫ್ರಿಚ್ (1882–1944) ಸಾಕ್ಷಿ. 1840ರ ದಶಕದಲ್ಲಿ ಒಮ್ಮೆ ಕಂಡು ಆಮೇಲೆ ಯಾರಿಗೂ ಸಿಗದೇ ಹೋಗಿದ್ದ, ಮುಳ್ಳೇ ಇಲ್ಲದ ನಕ್ಷತ್ರದಾಕಾರದ ಆಸ್ಟ್ರೋಫೈಟಂ ಆಸ್ಟೀರಿಯಾಸ್ ಎಂಬ ಕ್ಯಾಕ್ಟಸನ್ನು 1923ರಲ್ಲಿ ಮೆಕ್ಸಿಕೊದಲ್ಲಿ ಮತ್ತೆ ಪತ್ತೆ ಹಚ್ಚಿದವನು ಇವನೇ. ಅವನ ಗಾಜಿನ ಮನೆಯ ಗಿಡಗಳು 1939–40ರ ಚಳಿಗಾಲದಲ್ಲಿ ಹಿಮಗಟ್ಟಿ ಸತ್ತವು. ಯುದ್ಧದ ದಿನ, ಒಲೆ ಉರಿಸಲು ಕಲ್ಲಿದ್ದಲು ಸಿಗಲಿಲ್ಲ, ಅಷ್ಟೇ. ಹಾಗಿದ್ದೂ ಅವನ ಹೆಸರು ಅಳಿಯದಿರಲು ಅವನು ಬರೆದಿಟ್ಟದ್ದು, ಅವನಿಂದ ಬೇರೆಯವರ ಕುಂಡ ಸೇರಿದ್ದು ಕಾರಣ. ಜರ್ಮನಿಯ ಮಾಗ್ಡೆಬರ್ಗ್‌ನ ಕಾರ್ಖಾನೆದಾರ ಹರ್ಮನ್ ಗ್ರುಸೋನ್ ಅದೃಷ್ಟವಂತ. 1895ರಲ್ಲಿ ಅವನು ತೀರಿಕೊಂಡ ಮೇಲೆ ವಾರಸುದಾರರು ಅವನ ಸಂಗ್ರಹವನ್ನು ಊರಿಗೇ ಬಿಟ್ಟುಕೊಟ್ಟರು, ಅದನ್ನು ಇರಿಸಲು ಹಣವನ್ನೂ ಕೊಟ್ಟರು. ಗಿಡದ ಜೊತೆ ಗಿಡ ಸಾಕುವ ಖರ್ಚನ್ನೂ ಕೊಡಬೇಕೆಂಬ ವ್ಯವಹಾರಜ್ಞಾನ ಭಾವುಕ ದಾನಿಗಳಲ್ಲಿ ಅಪರೂಪ. 1896ರಿಂದ ಸಾರ್ವಜನಿಕರಿಗೆ ತೆರೆದ ಆ ಗಾಜಿನ ಮನೆಗಳು ಇಂದಿಗೂ ಅವನ ಹೆಸರಿನಲ್ಲೇ ಇವೆ. ನಮ್ಮಲ್ಲೂ ಹೋಟೆಲು, ಕಚೇರಿಗಳ ಮುಂದೆ ಇಡುವ, ಹೊಂಬಣ್ಣದ ಮುಳ್ಳಿನ ದುಂಡು ಕ್ಯಾಕ್ಟಸಿನ ಶಾಸ್ತ್ರೀಯ ಹೆಸರಿನಲ್ಲಿ ಅವನು ಇದ್ದಾನೆ.

ಇನ್ನು ಕಲಬುರಗಿಯ ಮಾಳಿಗೆಗಳ ಮಾತು. ಇಷ್ಟು ಬಿಸಿಲಿರುವ ಊರಿನಲ್ಲಿ ಕ್ಯಾಕ್ಟಸಿಗೆ ಆರೈಕೆಯೇ ಬೇಡ ಎಂದು ಹೊರಗಿನವರು ತಿಳಿಯುತ್ತಾರೆ. ಬಿಸಿಲಿಗಿಂತ ಮಳೆಗಾಲ ಇಲ್ಲಿ ದೊಡ್ಡ ಕಂಟಕ. ತೊಗರಿಗೆ ಹೆಸರಾದ ಇಲ್ಲಿಯ ಎರೆ ಮಣ್ಣು ಕುಡಿದ ನೀರನ್ನು ಬಿಡುವುದಿಲ್ಲ. ಅದನ್ನೇ ಕುಂಡಕ್ಕೆ ತುಂಬಿದರೆ ಬೇರು ಕೊಳೆತು, ಹೊರಗೆ ಚೆನ್ನಾಗಿಯೇ ಕಾಣುತ್ತಿದ್ದ ಗಿಡ ಒಂದು ದಿನ ಮುಟ್ಟಿದರೆ ಮೆತ್ತಗೆ ಕುಸಿಯುತ್ತದೆ. ದಪ್ಪ ಮರಳು, ಇಟ್ಟಿಗೆ ಚೂರು, ಇದ್ದಿಲು ಎಷ್ಟೆಷ್ಟು ಬೆರೆಸಬೇಕು, ಯಾವ ಕುಂಡವನ್ನು ಜೂನಿಗೆ ಮುಂಚೆ ಸೂರಿನಡಿ ಸರಿಸಬೇಕು, ಯಾವುದಕ್ಕೆ ಚಳಿಗಾಲದಲ್ಲಿ ನೀರೇ ಕೂಡದು ಎಂಬ ಲೆಕ್ಕ ಬೆಳೆದವರ ತಲೆಯಲ್ಲಿರುತ್ತದೆ. ಅವರು ಹೋದ ಮೇಲೆ ಮನೆಯವರು ಅಪ್ಪನ ಗಿಡ, ಅಜ್ಜಿಯ ಗಿಡ ಎಂಬ ಅಕ್ಕರೆಯಿಂದ ದಿನಾ ನೀರು ಹಾಕುತ್ತಾರೆ. ಇಂಥ ಸಂಗ್ರಹಗಳು ಅಲಕ್ಷ್ಯದಿಂದ ಸಾಯುವಷ್ಟೇ ಸುಲಭವಾಗಿ ಅಕ್ಕರೆಯಿಂದಲೂ ಸಾಯುತ್ತವೆ. ಎಷ್ಟೋ ಬಗೆಗಳು ಹೂ ಬಿಡಲು ಹತ್ತಾರು ವರ್ಷ ತೆಗೆದುಕೊಳ್ಳುವುದರಿಂದ ಹೊಸದಾಗಿ ತಂದು ತುಂಬಿಸುತ್ತೇನೆ ಎಂದರೂ ಆಗುವ ಕೆಲಸವಲ್ಲ.

ಕ್ಯಾಕ್ಟಸ್ ಪರದೇಶದ ಸಸ್ಯ, ಅದನ್ನು ಕೂಡಿಟ್ಟವರನ್ನು ನಾವೇಕೆ ನೆನೆಯಬೇಕು ಎಂದು ಕೇಳಬಹುದು. ಸಂಗ್ರಾಹಕರಲ್ಲಿ ಕಾಡು ದೋಚಿದವರೂ ಇದ್ದರಲ್ಲ ಎಂದೂ ಕೇಳಬಹುದು. ಎರಡೂ ನಿಜ. ನಮ್ಮ ಹೊಲದ ಬೇಲಿಯಲ್ಲಿ ಮುರಿದರೆ ಹಾಲು ಸುರಿಸುವ ಕಳ್ಳಿಗಳು ಬೇರೆಯೇ ಕುಟುಂಬದವು. ಪಾಪಾಸುಕಳ್ಳಿ ನಿಜವಾದ ಕ್ಯಾಕ್ಟಸ್, ಅದು ಅಮೆರಿಕ ಖಂಡದಿಂದ ಬಂದದ್ದು. 18ನೇ ಶತಮಾನದ ಕೊನೆಯಲ್ಲಿ ಮದ್ರಾಸಿನ ವೈದ್ಯ ಜೇಮ್ಸ್ ಆಂಡರ್ಸನ್ ಕೆಂಪು ಬಣ್ಣ ಕೊಡುವ ಕೊಚಿನೀಲ್ ಹುಳು ಸಾಕುವ ಆಸೆಯಿಂದ ಅದರ ತೋಟವನ್ನೇ ಎಬ್ಬಿಸಿದ. ಬಣ್ಣದ ಉದ್ಯಮ ಕೈಗೂಡಲಿಲ್ಲ. ಪಾಪಾಸುಕಳ್ಳಿ ದಕ್ಷಿಣದ ಒಣನೆಲಗಳಲ್ಲಿ ಹಬ್ಬಿ ಪೀಡೆಯಾಯಿತು, 1926ರಲ್ಲಿ ಅದನ್ನು ತಿನ್ನುವ ಇನ್ನೊಂದು ಜಾತಿಯ ಕೊಚಿನೀಲ್ ಹುಳುವನ್ನು ಸಿಂಹಳದಿಂದ ತರಿಸಬೇಕಾಯಿತು. ಆಂಡರ್ಸನ್‌ನ ಅಮೃತಶಿಲೆಯ ಪ್ರತಿಮೆ ಚೆನ್ನೈನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿದೆ. ಲೂಟಿಯಂತೂ ಇಂದಿಗೂ ನಿಂತಿಲ್ಲ: 2020ರಲ್ಲಿ ಇಟಲಿಯ ಪೊಲೀಸರು ಚಿಲಿಯ ಮರುಭೂಮಿಯಿಂದ ಕದ್ದು ತಂದಿದ್ದ ಸಾವಿರಕ್ಕೂ ಹೆಚ್ಚು ಕ್ಯಾಕ್ಟಸ್‌ಗಳನ್ನು ಒಂದೇ ದಾಳಿಯಲ್ಲಿ ಹಿಡಿದರು. 2015ರ ಅಧ್ಯಯನವೊಂದರ ಪ್ರಕಾರ ಕ್ಯಾಕ್ಟಸ್ ಜಾತಿಗಳಲ್ಲಿ ಶೇ. 31ರಷ್ಟು ಅಳಿವಿನ ಅಂಚಿಗೆ ಸರಿದಿವೆ. ಈ ಕಾರಣಕ್ಕೇ ನೆನಪು ಬರೀ ಹೊಗಳಿಕೆಯಾಗಬಾರದು. ಗಿಡ ಎಲ್ಲಿಂದ ಬಂತು, ಕಿತ್ತು ತಂದದ್ದೇ ಬೀಜದಿಂದ ಬೆಳೆಸಿದ್ದೇ ಎಂದು ಬರೆದಿಟ್ಟವರು ಕಳ್ಳರಿಂದ ಬೇರೆಯಾಗಿ ಕಾಣುತ್ತಾರೆ. ಬರೆಯದವರ ಬಗ್ಗೆ ಅನುಮಾನ ಹಾಗೇ ಉಳಿಯುತ್ತದೆ.

ಹೆಸರಿಲ್ಲದೆಯೂ ಗಿಡ ಬದುಕುತ್ತದಲ್ಲ ಎನ್ನುವ ಆಕ್ಷೇಪಕ್ಕೆ ಉತ್ತರ ಇಷ್ಟು ಸಲೀಸಲ್ಲ. ಸೀಮೆಬದನೆಯನ್ನು ಬೆಂಗಳೂರಿಗೆ ತಂದವನು ಲಾಲ್‌ಬಾಗಿನ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮರಾನ್ ಎಂದು ತಿಳಿಯದೆಯೇ ನಾವು ಅದರ ಪಲ್ಯ ಉಣ್ಣುತ್ತೇವೆ, ಪಲ್ಯಕ್ಕೇನೂ ಕೊರತೆಯಾಗಿಲ್ಲ. ಊಟದ ಗಿಡಕ್ಕೆ ಈ ಮಾತು ಒಪ್ಪುತ್ತದೆ. ಅಳಿಯುತ್ತಿರುವ ಗಿಡಕ್ಕೆ ಒಪ್ಪುವುದಿಲ್ಲ. ಗ್ರುಸೋನನ ಹೆಸರಿನ ಆ ಹೊಂಬಣ್ಣದ ಕ್ಯಾಕ್ಟಸಿನ ನೆಲೆಯ ದೊಡ್ಡ ಭಾಗ 1990ರ ದಶಕದಲ್ಲಿ ಮೆಕ್ಸಿಕೊದ ಸಿಮಪಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಜಗತ್ತಿನ ನರ್ಸರಿಗಳಲ್ಲಿ ಅದು ಲೆಕ್ಕವಿಲ್ಲದಷ್ಟಿದ್ದರೂ, ಯಾವ ಕಣಿವೆಯ ಬೀಜದ್ದೆಂದು ಹೇಳಲಾಗದ ಗಿಡವನ್ನು ಮರಳಿ ಕಾಡಿಗೆ ನೆಡಲು ತಜ್ಞರು ಹಿಂಜರಿಯುತ್ತಾರೆ. ಕುಂಡದೊಳಗಿನ ಒಂದು ಚೀಟಿ ಇಲ್ಲಿ ಗಿಡದಷ್ಟೇ ಬೆಲೆಯದು.

ಹಾಗಾದರೆ ಸತ್ತವರ ಗಿಡಗಳನ್ನು ಹತ್ತು ಮನೆಗೆ ಹಂಚಿಬಿಡುವುದೇ? ಹಂಚುವುದರಲ್ಲೂ ತೊಡಕಿದೆ. ಬಹಳಷ್ಟು ಕ್ಯಾಕ್ಟಸ್‌ಗಳು ಸ್ವಂತ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಜೋಡಿಗಿಡ ಬೇಕು. ಮಗನಿಗೊಂದು, ನೆರೆಯವರಿಗೊಂದು ಹೋದರೆ ಎರಡೂ ಹೂ ಬಿಟ್ಟು ಬೀಜವಿಲ್ಲದೆ ಉದುರುತ್ತವೆ. ಆದ್ದರಿಂದ ಯಾವುದು ಯಾರ ಮನೆಗೆ ಹೋಯಿತೆಂಬ ಪಟ್ಟಿ ಬೇಕು. ಅದನ್ನು ಬರೆದಿಡಲು ಹೊಸ ಸಂಘ ಕಟ್ಟುವ ಅಗತ್ಯ ನನಗೆ ಕಾಣುವುದಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಸಂಸ್ಥೆಗಳ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲಾತಿ ಇಡಬೇಕು. ಕಮಲಾಪುರದ ದಾಖಲಾತಿಯಲ್ಲಿ ಕೆಂಪು ಬಾಳೆಯ ಮುಂದೆ ಅದನ್ನು ತಲೆಮಾರುಗಳಿಂದ ಕಾಯ್ದ ಮನೆತನಗಳ ಹೆಸರನ್ನು ಅವರ ಒಪ್ಪಿಗೆ ಪಡೆದು ಬರೆಯಬಹುದು. ಕಾಯ್ದೆ ನೋಡುವುದು ಮುಖ್ಯವಾಗಿ ನಾಡಿನ ತಳಿಗಳನ್ನು. ಕಲಬುರಗಿಯ ಮಾಳಿಗೆಯ ಮೆಕ್ಸಿಕೊ ಗಿಡಕ್ಕೆ ಅಲ್ಲಿ ಜಾಗ ಸಿಗುವುದು ಕಷ್ಟ. ಆ ಪಟ್ಟಿಯನ್ನು ಬೆಳೆಗಾರರು ಬದುಕಿರುವಾಗ ತಾವೇ ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಒಂದು ಪ್ರತಿಯನ್ನು ಮನೆಯ ಹೊರಗಿನವರ ಕೈಗೂ ಕೊಟ್ಟಿರಬೇಕು. ಮಣ್ಣಿನ ಅಳತೆಯನ್ನೂ ಅದರಲ್ಲೇ ಬರೆಯಲಿ.