ಕೊನೆಯ ನೂರು ಮೀಟರ್ ಅಪ್ಪನದ್ದು

ನನ್ನ ಗೆಳತಿಯರಿಗೆ ಲಾಂಗ್ ಡ್ರೈವ್ ಅಂದರೆ ಗೋವಾ, ಗೋಕರ್ಣ. ಕಳೆದ ಜನವರಿಯಲ್ಲಿ ನಾನು ಹೋದ ಲಾಂಗ್ ಡ್ರೈವ್‌ನಲ್ಲಿ ಡಿಕ್ಕಿ ತುಂಬ ಲಗ್ನಪತ್ರಿಕೆ, ಹಿಂದಿನ ಸೀಟಿನಲ್ಲಿ ಅಕ್ಷತೆ ಡಬ್ಬಿ ಹಿಡಿದ ಅಮ್ಮ, ಪಕ್ಕದ ಸೀಟಿನಲ್ಲಿ ಅಪ್ಪ. ಅಕ್ಕನ ಮದುವೆ ಫೆಬ್ರುವರಿಯಲ್ಲಿತ್ತು. ಪತ್ರಿಕೆಯ ಫೋಟೊ ಎಲ್ಲರ ವಾಟ್ಸ್‌ಆ್ಯಪ್‌ಗೂ ಹೋಗಿತ್ತು, ನಿಜ. ಆದರೆ ನಮ್ಮ ಕಡೆ ಅದು ಲೆಕ್ಕಕ್ಕಿಲ್ಲ. ಮನೆಗೆ ಹೋಗಿ, ಕುಂಕುಮ ಕೊಟ್ಟು ಕರೆಯದಿದ್ದರೆ 'ನಮ್ಮನ್ನೇನು ಕರೆದಿದ್ರಾ?' ಎಂಬ ಮಾತು ಮೊಮ್ಮಕ್ಕಳ ಮದುವೆಯವರೆಗೂ ಕೇಳಬೇಕಾಗುತ್ತದೆ.

ಹಾಗಾಗಿ ಐದು ದಿನಗಳ ತಿರುಗಾಟ. ಮೊದಲ ದಿನ ಶಿವಮೊಗ್ಗದಿಂದ ಹೊರಟು ಆನಂದಪುರ, ಸಾಗರ, ತಾಳಗುಪ್ಪ ಮುಗಿಸಿ ರಾತ್ರಿ ಸಿದ್ದಾಪುರದ ಹತ್ತಿರ ಅತ್ತೆ ಮನೆಯಲ್ಲಿ ಉಳಿಯುವುದು. ಗಾಡಿ ನಮ್ಮ ಹಳೇ ಆಲ್ಟೊ. ಡ್ರೈವರ್ ನಾನು.

ಇಲ್ಲೊಂದು ವಿಷಯ ಹೇಳಬೇಕು. ಅಪ್ಪ 29 ವರ್ಷ ಸರ್ಕಾರಿ ಬಸ್ಸು ಓಡಿಸಿದವರು. ಅದರಲ್ಲಿ ಹೆಚ್ಚಿನ ವರ್ಷ ಇದೇ ರಸ್ತೆಯಲ್ಲಿ. ಕುಂಸಿ, ಆಯನೂರಿನ ಹೋಟೆಲಿನವರಿಗೂ ಅವರು 'ಡ್ರೈವರಣ್ಣ'. ಸಕ್ಕರೆ ಕಾಯಿಲೆ ಎರಡು ವರ್ಷದ ಹಿಂದೆ ಅವರ ಕಣ್ಣಿಗೆ ಇಳಿಯಿತು. ಲೇಸರ್ ಆದ ಮೇಲೆ ಹಗಲು ಪರವಾಗಿಲ್ಲ. ಕತ್ತಲಾದರೆ ಎದುರಿನ ಲೈಟು ಕಣ್ಣಲ್ಲಿ ಒಡೆದು ಚೂರಾಗುತ್ತದಂತೆ. ಸ್ಟೇರಿಂಗ್ ಮುಟ್ಟಕೂಡದು ಎಂದು ಅಮ್ಮ ಕಟ್ಟಪ್ಪಣೆ ಮಾಡಿದಳು. ನಾನು ಡ್ರೈವಿಂಗ್ ಕಲಿತದ್ದು ಹಾಗೆ. ಅಪ್ಪನಿಂದಲ್ಲ, ಶಾಲೆಯಿಂದ. ಎರಡೇ ದಿನ ಕಲಿಸಿ ಅಪ್ಪ ಕೈಮುಗಿದಿದ್ದರು.

ಶಿವಮೊಗ್ಗ ದಾಟುವುದರೊಳಗೆ ಅಪ್ಪ ತಮ್ಮ ಕಾಲಡಿ ಇಲ್ಲದ ಬ್ರೇಕನ್ನು ಹತ್ತು ಸಲ ಒತ್ತಿದ್ದರು. 'ಲಾರಿ ಬಾಲ ಹಿಡೀಬೇಡ', 'ತಿರುವಿನಲ್ಲಿ ಕ್ಲಚ್ ಯಾಕೆ?' ನಾನು ಹಾಡಿನ ಸೌಂಡ್ ಜಾಸ್ತಿ ಮಾಡಿದೆ. ಅಮ್ಮ ಹಿಂದಿನಿಂದ ಕಡಿಮೆ ಮಾಡಿಸಿದಳು.

ಮೊದಲ ಮನೆ ಆನಂದಪುರಕ್ಕಿಂತ ಈಚೆ, ಅಪ್ಪನ ಚಿಕ್ಕಪ್ಪನದು. ಮನೆ ಇನ್ನೂ ನೂರು ಮೀಟರ್ ಇದೆ ಎನ್ನುವಾಗ ಅಪ್ಪ, 'ನಿಲ್ಸು, ಇಲ್ಲಿಂದ ರಸ್ತೆ ಸರಿ ಇಲ್ಲ, ನಾನು ತಗೋತೀನಿ' ಎಂದರು. ರಸ್ತೆ ಚೆನ್ನಾಗಿಯೇ ಇತ್ತು. ಸೀಟು ಬದಲಾಯಿಸಿಕೊಂಡೆವು. ಅಪ್ಪ ಒಂದೇ ಏಟಿಗೆ ಅಂಗಳದಲ್ಲಿ ಕಾರು ತಿರುಗಿಸಿ, ಮೂತಿ ರಸ್ತೆಯ ಕಡೆ ಮಾಡಿ ನಿಲ್ಲಿಸಿದರು. 'ಡ್ರೈವರ್ ಸಾಹೇಬ್ರು ಬಂದ್ರು!' ಎಂದು ಮನೆಯವರೆಲ್ಲ ಹೊರಗೆ ಬಂದರು. ಹೊರಡುವಾಗ ಮತ್ತೆ ತಿರುವಿನವರೆಗೆ ಅವರು, ಆಮೇಲೆ ನಾನು.

ಎರಡನೇ ಮನೆಯಲ್ಲೂ ಹಾಗೇ. ಅಲ್ಲಿ ಒಬ್ಬರು 'ಶಿವಮೊಗ್ಗದಿಂದ ಒಬ್ರೇ ಹೊಡ್ಕೊಂಡು ಬಂದ್ರಾ? ಕೈ ಇನ್ನೂ ಹಾಗೇ ಇದೆ ಬಿಡಿ' ಎಂದರು. ಅಪ್ಪ ಕಾಫಿ ಲೋಟ ನೋಡುತ್ತ ನಕ್ಕರು, ಅಷ್ಟೆ. ನನಗೆ ಉರಿಯಿತು. ಬೆಳಿಗ್ಗೆ ಆರರಿಂದ ಭುಜ ನೋಯಿಸಿಕೊಂಡವಳು ನಾನು, ಶಭಾಷ್ ಇನ್ಯಾರಿಗೋ! ಅಮ್ಮನ ಮುಖ ನೋಡಿದೆ. ಅವಳು ಕುಂಕುಮದ ಬಟ್ಟಲಿನ ಮುಚ್ಚಳ ಹುಡುಕುತ್ತಿದ್ದಳು. ಮುಚ್ಚಳ ಅವಳ ಕೈಯಲ್ಲೇ ಇತ್ತು.

ಸಾಗರದಲ್ಲಿ ನನ್ನ ಹಾಸ್ಟೆಲ್ ಗೆಳತಿಯ ಮನೆ. ಅಲ್ಲಿ ಅಪ್ಪ ನಿಲ್ಲಿಸು ಎನ್ನಲೇ ಇಲ್ಲ. ನಾನೇ ಗೇಟಿನವರೆಗೆ ಓಡಿಸಿದೆ, ಪಾರ್ಕಿಂಗ್‌ನಲ್ಲಿ ಎರಡು ಸಲ ಆಫ್ ಕೂಡ ಆಯಿತು. ಗೆಳತಿ ಶಿಳ್ಳೆ ಹೊಡೆದಳು. ಅಪ್ಪ ಎಡಬದಿಯ ಬಾಗಿಲು ತೆಗೆದು ಆರಾಮಾಗಿ ಇಳಿದರು. ಆ ಮನೆಯಲ್ಲಿ ಅವರನ್ನು ಬಸ್ಸಿನ ಸೀಟಿನಲ್ಲಿ ನೋಡಿದವರು ಯಾರೂ ಇರಲಿಲ್ಲ. ಅದು ಹೊಳೆದ ಮೇಲೆ ಮುಂದಿನ ನೆಂಟರ ಮನೆಯ ತಿರುವಿನಲ್ಲಿ, ಅವರು ಹೇಳುವ ಮೊದಲೇ ನಾನು ಗಾಡಿ ನಿಲ್ಲಿಸಿದೆ. ಅವರೂ ಏನೂ ಹೇಳಲಿಲ್ಲ.

ತಾಳಗುಪ್ಪದ ಹತ್ತಿರ ಒಂದು ಆಲೆಮನೆ ನಡೆದಿತ್ತು. ಅಪ್ಪನ ಹಳೆಯ ಕಂಡಕ್ಟರ್ ಗೆಳೆಯರದು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ವಾಸನೆಗೇ ಹೊಟ್ಟೆ ತುಂಬುತ್ತದೆ. ಬಿಸಿ ನೊರೆಬೆಲ್ಲವನ್ನು ಬಾಳೆ ಎಲೆಯಲ್ಲಿ ಹಾಕಿಕೊಟ್ಟರು. ಅಮ್ಮ ಪತ್ರಿಕೆ ಕೊಡಲು ಒಳಗೆ ಹೋದದ್ದೇ ತಡ, ಅಪ್ಪ ಎರಡು ಸಲ ನೆಕ್ಕಿದರು. ನಾನು ನೋಡಿದೆ, ಹೇಳಲಿಲ್ಲ. (ಅಮ್ಮಾ, ಪೇಪರ್ ಓದುತ್ತಿದ್ದರೆ ಕ್ಷಮಿಸು.) ಎಲೆಚುಕ್ಕಿ ರೋಗ, ಅಡಿಕೆ ರೇಟು, ಯಾರ ಮಗನಿಗೆ ಇನ್ನೂ ಹೆಣ್ಣು ಸಿಕ್ಕಿಲ್ಲ ಎಂಬ ಚರ್ಚೆಯೆಲ್ಲ ಮುಗಿಯುವಾಗ ಸೂರ್ಯ ಮುಳುಗಿದ್ದ.

ಸಿದ್ದಾಪುರದ ದಾರಿ ಪೂರ್ತಿ ತಿರುವು. ಅಪ್ಪ ಮಾತು ನಿಲ್ಲಿಸಿದ್ದರು, ಕಾಲೂ ಬ್ರೇಕ್ ಒತ್ತುತ್ತಿರಲಿಲ್ಲ. ಡಾಂಬರು ಬಿಟ್ಟು ಅತ್ತೆ ಮನೆಯ ಮಣ್ಣಿನ ಇಳಿಜಾರಿಗೆ ತಿರುಗಿದಾಗ ಗಂಟೆ ಏಳು ದಾಟಿತ್ತು. 'ನಿಲ್ಸು' ಎಂದರು.

ಅಮ್ಮ 'ಕತ್ತಲು...' ಎಂದಳು, ಮುಂದೆ ಹೇಳಲಿಲ್ಲ. ನನಗೂ ಕೊಡುವ ಧೈರ್ಯ ಇರಲಿಲ್ಲ, ಕೊಡುವುದಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ಇಳಿದೆ. ಆದರೆ ಕೈ ಹ್ಯಾಂಡ್‌ಬ್ರೇಕಿನ ಮೇಲೇ ಇಟ್ಟುಕೊಂಡು ಕೂತೆ.

ಹತ್ತಿಪ್ಪತ್ತು ಮೀಟರ್ ಇಳಿದಿರಬಹುದು. ಎದುರಿನಿಂದ ಒಂದು ಬೈಕು, ಲೈಟು ನೇರ ಮುಖಕ್ಕೆ. ಅಪ್ಪ ಗಕ್ಕನೆ ನಿಲ್ಲಿಸಿದರು. ಬೈಕಿನವನು ಪಕ್ಕದಿಂದ ದಾಟಿ ಹೋದ. ಅಪ್ಪ ಹೊರಡಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಹಾಕಿಕೊಂಡರು. ಮತ್ತೆ ತೆಗೆದರು.

'ನೀನೇ ಹೊಡಿ' ಎಂದರು.

ಅತ್ತೆ ಮನೆಯ ಚಪ್ಪರದಡಿ ಬಲ್ಬಿನ ಬೆಳಕಿನಲ್ಲಿ ಏಳೆಂಟು ಜನ ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದರು. ಎಲ್ಲರೂ ಕತ್ತೆತ್ತಿದರು. ಅತ್ತೆ ಟಾರ್ಚ್ ಹಿಡಿದು ಬಲಬದಿಯ ಬಾಗಿಲಿಗೆ ಬಂದವರು, ನನ್ನ ಮುಖ ಕಂಡು 'ಅಯ್ಯೋ, ನೀನಾ? ಅಣ್ಣ ಎಲ್ಲಿ?' ಎಂದರು. ಈ ಅತ್ತೆ ಮಿಡಿ ಉಪ್ಪಿನಕಾಯಿಯ ಭರಣಿ ಹಿಡಿದು ಡಾಂಬರು ರಸ್ತೆಯಲ್ಲಿ ಅಪ್ಪನ ಬಸ್ಸಿಗೆ ಕಾಯುತ್ತಿದ್ದವರು.

ಅಪ್ಪ ಎಡಗಡೆಯಿಂದ ಇಳಿದು, ಸೊಂಟ ನೆಟ್ಟಗೆ ಮಾಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು. 'ಇವತ್ತು ಡ್ಯೂಟಿ ಅವಳದ್ದು. ಶಿವಮೊಗ್ಗದಿಂದ ಅವಳೇ ತಂದಿದ್ದು. ನಂಗೆ ರಾತ್ರಿ ಕಣ್ಣು ಕಾಣ್ಸಲ್ಲ ಈಗ.'

ಯಾರೋ 'ಹೌದಾ?' ಎಂದರು. ಇನ್ಯಾರೋ ನೀರು ತರಲು ಎದ್ದರು. ಅತ್ತೆ ಅಪ್ಪನ ಕೈ ಹಿಡಿದು ಮೆಟ್ಟಿಲು ಹತ್ತಿಸಲು ಹೋದರೆ, 'ಅಷ್ಟೇನೂ ಆಗಿಲ್ಲ ಮಾರಾಯ್ತಿ' ಎಂದು ಕೊಸರಿಕೊಂಡರು.

ಊಟ ಅಕ್ಕಿ ರೊಟ್ಟಿ, ಅಪ್ಪೆಹುಳಿ. ಜಗಲಿಯಲ್ಲಿ ಹಾಸಿಗೆ ಹಾಕಿದ ಮೇಲೆ ಅಪ್ಪ ನಾಳೆಯ ಶಿರಸಿಯ ಮನೆಗಳ ಪಟ್ಟಿ ತೆಗೆದು ಲೆಕ್ಕ ಹಾಕಿದರು. ಆಮೇಲೆ ತಮ್ಮ ಡಿಪೊದಲ್ಲಿ ಮಾತಾಡುವ ದನಿಯಲ್ಲೇ ನನಗೆ ಹೇಳಿದರು: 'ಬೆಳಿಗ್ಗೆ ಆರಕ್ಕೆ ಗಾಡಿ ತೆಗಿ. ಅದಕ್ಕೂ ಮೊದಲು ಟೈರ್ ನೋಡು. ಹಿಂದೆ ಎಡಗಡೆಯದಕ್ಕೆ ಗಾಳಿ ಕಮ್ಮಿ ಇದೆ.'